ತರಗತಿಯೊಳಗೊಂದು ದಕ್ಕೆ

ಉದ್ಯಮಶೀಲತೆ ಅಂತ ಬೋರ್ಡಿನ ಮೇಲೆ ಬರೆದು ವ್ಯಾಖ್ಯೆ ಉರು ಹೊಡೆಸೋದಕ್ಕಿಂತ, ಕಾರವಾರದ ಬೈತಖೋಲ ಮೀನುಗಾರಿಕೆ ಬಂದರಿನ ದಕ್ಕೆಯ, ಅಂದರೆ ಮೀನು ಇಳಿಸಿ ಹರಾಜು ಹಾಕುವ ಕಟ್ಟೆಯ, ಬೆಳಗನ್ನೇ ಒಂದು ದಿನ ಮೀನು ವ್ಯಾಪಾರದ ಆಟ ಮಾಡಿ ಕ್ಲಾಸಿನೊಳಗೆ ತಂದು ನೋಡಿ.

30 ಮಕ್ಕಳಿದ್ದರೆ ಐದೈದು ಜನರ ಆರು ತಂಡ. ತಂಡಕ್ಕೆ 5,000 ರೂಪಾಯಿ ಆಟದ ನೋಟು, ಅದರಲ್ಲಿ 2,000 ಸಾಲ, ಪ್ರತಿ ಸುತ್ತಿಗೆ 100 ಬಡ್ಡಿ. ಬಂಗಡೆ, ತಾರ್ಲೆ, ಸಿಗಡಿ ಅಂತ ಮೀನಿನ ಹೆಸರಿನ ಚೀಟಿ ಮಾಡಿ ಬುಟ್ಟಿಗೆ ಹಾಕಿ. ಪ್ರತಿ ಸುತ್ತಲ್ಲಿ ಮೊದಲ 2 ನಿಮಿಷ ಹರಾಜು, 4 ನಿಮಿಷ ಮಾರಾಟ, 2 ನಿಮಿಷ ಲೆಕ್ಕ. ಐಸಿಗೆ ದುಡ್ಡು ಕೊಡದವರ ಉಳಿದ ಮೀನು ಮುಂದಿನ ಸುತ್ತಿಗೆ ಅರ್ಧ ಬೆಲೆ, ಅದರಾಚೆ ಸೊನ್ನೆ. ಕೊಳ್ಳುವವರು ಬೇರೆ ಕ್ಲಾಸಿನವರಾಗಿರಲಿ. ಗೆಳೆಯರಾದರೆ ಚೌಕಾಸಿಯೇ ನಡೆಯೋದಿಲ್ಲ.

ಮಧ್ಯೆ ಎರಡು ಸುತ್ತು ಮೀನುಗಾರಿಕೆ ನಿಷೇಧ. ಜೂನ್ 1ರಿಂದ ಜುಲೈ 31ರ ತನಕ 61 ದಿನ ಯಾಂತ್ರಿಕ ದೋಣಿ ಕಡಲಿಗಿಳಿಯೋದಿಲ್ಲವಲ್ಲ, ಅದೇ. ಹಸಿ ಮೀನಿಲ್ಲ, ಬಡ್ಡಿ ಮಾತ್ರ ನಿಲ್ಲೋದಿಲ್ಲ. ಒಣಮೀನು ಮಾಡಿಟ್ಟವರ ಮುಖ ಆಗ ನೋಡಬೇಕು!

ಆಟ ಕೆಡೋದು ಎರಡು ಕಡೆ. ಒಟ್ಟು ಎಷ್ಟು ಸುತ್ತು ಅಂತ ಮೊದಲೇ ಹೇಳಿದರೆ ಕೊನೆಯ ಸುತ್ತಲ್ಲಿ ಎಲ್ಲರೂ ಜೂಜಿಗಿಳಿಯುತ್ತಾರೆ, ಕಳಕೊಳ್ಳೋಕೆ ನಾಳೆ ಅನ್ನೋದೇ ಇರೋದಿಲ್ಲ. ಇನ್ನೊಂದು, ಮಾಸ್ತರರು ನಡುವೆ ಬಾಯಿ ಹಾಕಿ "ಐಸ್ ತಗೋರೋ" ಅನ್ನೋದು. ಮೀನು ಕೊಳೆಯಲಿ ಬಿಡಿ, ಚೀಟಿ ತಾನೇ.

ಅಂಕ ಗಲ್ಲೆಯ ದುಡ್ಡಿಗೆ ಕೊಡಬೇಡಿ, ಲೆಕ್ಕದ ಹಾಳೆಯಲ್ಲಿ "ಯಾಕೆ ಕೊಂಡೆವು" ಅಂತ ಬರೆದ ಸಾಲಿಗೆ ಕೊಡಿ. ಆಟಕ್ಕೆ ಒಂದು ತಾಸು ಹಿಡಿದರೆ ಆಮೇಲಿನ ಮಾತಿಗೂ ಅರ್ಧ ತಾಸಾದರೂ ಇಟ್ಟುಕೊಳ್ಳಿ, ಬೆಲ್ ಹೊಡೆಯುವ ಮೊದಲು.