ಮಾಸ್ಟ್ ಹತ್ತುವಾಗ ಏಣಿಯನ್ನು ಎಷ್ಟು ನಂಬಬೇಕು?

ಹಾಯಿದೋಣಿ ಇಟ್ಟುಕೊಂಡವರು ಇವತ್ತಲ್ಲ ನಾಳೆ ಮಾಸ್ಟ್, ಅಂದರೆ ಹಾಯಿ ಕಟ್ಟುವ ಕಂಬ, ಹತ್ತಲೇಬೇಕು. ತುದಿಯ ದೀಪ ಕೆಟ್ಟಿರುತ್ತದೆ, ಇಲ್ಲಾ ಹಗ್ಗ ರಾಟೆಯ ಪಕ್ಕಕ್ಕೆ ಜಾರಿ ಸಿಕ್ಕಿಕೊಂಡಿರುತ್ತದೆ. 10 ಮೀಟರ್ ಉದ್ದದ ದೋಣಿಗೂ ಮಾಸ್ಟ್ ಸುಮಾರು ನಾಲ್ಕು ಮಹಡಿ ಎತ್ತರ ಇರುತ್ತದೆ. ಮನೆಯ ಅಲ್ಯೂಮಿನಿಯಂ ಏಣಿಯನ್ನು ಅದಕ್ಕೆ ಒರಗಿಸಿ ಹತ್ತುವ ಯೋಚನೆ ಇದ್ದರೆ ಈಗಲೇ ಬಿಟ್ಟುಬಿಡಿ. ಅಲುಗಾಡುವ ಡೆಕ್ ಮೇಲೆ ಅದು ಒಂದು ಕಡೆ ನಿಲ್ಲುವುದೇ ಇಲ್ಲ.

ನಾನು ಹೇಳುತ್ತಿರುವುದು ದಪ್ಪ ಪಟ್ಟಿಯಿಂದ ಹೊಲಿದ ಮಡಚುವ ಏಣಿ. ಹಾಯಿಯನ್ನು ಮೇಲೆಳೆಯುವ ಹಗ್ಗಕ್ಕೆ, ಅಂದರೆ ಮೇನ್ ಹ್ಯಾಲ್ಯಾರ್ಡ್‌ಗೆ, ಇದನ್ನು ಕಟ್ಟಿ ಮೇಲೆಳೆದು ಕೆಳತುದಿಯನ್ನು ಮಾಸ್ಟ್ ಬುಡಕ್ಕೆ ಬಿಗಿಯಬೇಕು. ಕೆಲವು ಏಣಿಗಳ ಬೆನ್ನಿಗೆ ಚಿಕ್ಕ ಸ್ಲೈಡುಗಳಿರುತ್ತವೆ, ಹಾಯಿ ಓಡಾಡುವ ಹಳಿಯೊಳಗೇ ಸೇರಿಕೊಳ್ಳುತ್ತವೆ. ಅಂಥದ್ದೇ ತೆಗೆದುಕೊಳ್ಳಿ. ಸುಮ್ನೆ ನೇತಾಡುವ ಏಣಿ ಕಾಲಿಟ್ಟ ಕೂಡಲೇ ಮುಂದಕ್ಕೆ ಜಾರುತ್ತದೆ, ಮೈ ಹಿಂದಕ್ಕೆ ವಾಲುತ್ತದೆ, ಇಡೀ ಭಾರ ತೋಳಿಗೆ ಬೀಳುತ್ತದೆ, ಅರ್ಧ ದಾರಿಯಲ್ಲೇ ಕೈ ಸೋತುಹೋಗುತ್ತದೆ. ಗಟ್ಟಿ ಅಡಿಯ ಶೂ ಹಾಕಿಕೊಳ್ಳಿ. ತೆಳು ಚಪ್ಪಲಿಯಲ್ಲಿ ಪಟ್ಟಿ ಪಾದವನ್ನು ಹಿಂಡುತ್ತದೆ, ಮೇಲೆ ನಿಂತು ಕೆಲಸ ಮಾಡೋಕೆ ಆಗುವುದಿಲ್ಲ.

ಆದರೆ ಏಣಿ ಇರುವುದು ಕಾಲಿಗೆ ಮಾತ್ರ. ಜೀವ ಕಾಯುವುದು ಎರಡನೇ ಹಗ್ಗ. ಏಣಿ ಒಂದು ಹ್ಯಾಲ್ಯಾರ್ಡ್ ಮೇಲೆ, ನೀವು ಇನ್ನೊಂದರ ಮೇಲೆ. ಎರಡಕ್ಕೂ ಒಂದೇ ಹಗ್ಗ ಅಂದರೆ ಅದು ತುಂಡಾದ ದಿನ ಏನೂ ಉಳಿಯುವುದಿಲ್ಲ, ಅಲ್ವಾ? ಎರಡನೆಯದನ್ನು ಆರಿಸುವಾಗಲೂ ಅದು ಎಲ್ಲಿಂದ ಇಳಿದುಬರುತ್ತದೆ ಅಂತ ನೋಡಿ. ಮಾಸ್ಟ್ ಒಳಗಿನ ರಾಟೆಯ ಮೇಲೆ ಬರುವುದು ಒಳ್ಳೆಯದು. ಸ್ಪಿನ್ನೇಕರ್ (ಮುಂದೆ ಉಬ್ಬಿ ನಿಲ್ಲುವ ದೊಡ್ಡ ಹಾಯಿ) ಹಗ್ಗ ಎಷ್ಟೋ ದೋಣಿಗಳಲ್ಲಿ ಹೊರಗೆ ಒಂದೇ ಕೊಂಡಿಗೆ ನೇತುಹಾಕಿದ ರಾಟೆಯಿಂದ ಬರುತ್ತದೆ, ಆ ಕೊಂಡಿ ಬಿಟ್ಟರೆ ಕಥೆ ಮುಗಿಯಿತು. ಇನ್ನು ಜಿಬ್ (ಮಾಸ್ಟ್ ಮುಂದಿನ ತ್ರಿಕೋನ ಹಾಯಿ) ಹಗ್ಗ ಮಾಸ್ಟ್ ತುದಿಗಿಂತ ಕೆಳಗೆ ಹೊರಬರುವ ದೋಣಿಗಳೂ ಇವೆ. ನೀವು ಅದನ್ನು ದಾಟಿ ಮೇಲೆ ಹೋದರೆ, ಬಿದ್ದಾಗ ಮೊದಲು ಅಲ್ಲಿಯವರೆಗೆ, ಆಮೇಲೆ ಅಷ್ಟೇ ದೂರ ಇನ್ನೂ ಕೆಳಕ್ಕೆ ಹೋಗುತ್ತೀರಿ.

ಹಗ್ಗದ ತುದಿಯಲ್ಲಿರುವ ಸ್ನ್ಯಾಪ್ ಶಾಕಲ್‌ಗೆ, ಅಂದರೆ ಬೇಗ ಬಿಚ್ಚುವ ಲೋಹದ ಕೊಂಡಿಗೆ, ಮೈಭಾರ ಕೊಡಬೇಡಿ. ಅದರ ಪಿನ್ನಿಗೆ ಒಂದು ಪುಟ್ಟ ದಾರ ಇರುತ್ತದೆ, ಎಳೆದರೆ ಬಿಚ್ಚಿಕೊಳ್ಳಲಿ ಅಂತಲೇ. ಹತ್ತುವಾಗ ಅದು ಯಾವುದಾದರೂ ತಂತಿಗೆ ಸಿಕ್ಕಿದರೆ ಸಾಕು. ಹಗ್ಗವನ್ನೇ ನೇರವಾಗಿ ಹಾರ್ನೆಸ್‌ಗೆ (ಸೊಂಟ, ತೊಡೆಗೆ ಬಿಗಿಯುವ ಪಟ್ಟಿಗೆ) ಬೋಲೈನ್ ಗಂಟು, ಅಂದರೆ ಜಾರದ ಕುಣಿಕೆ, ಹಾಕಿ, ಬಾಲ ಉದ್ದ ಬಿಡಿ. ಹಾರ್ನೆಸ್ ಬೆಟ್ಟ ಹತ್ತುವವರದ್ದಾಗಲಿ. ಬೋಸನ್ ಕುರ್ಚಿ, ಅಂದರೆ ಹಗ್ಗಕ್ಕೆ ನೇತುಹಾಕುವ ಆಸನ, ಕೂರೋಕೆ ಹಾಯಾಗಿರುತ್ತದೆ ನಿಜ, ಆದರೆ ತಲೆಕೆಳಗಾದರೆ ಅದರಿಂದ ಜಾರಿ ಬೀಳಬಹುದು.

ಕೆಳಗೆ ನಿಂತವರು ನಿಮ್ಮನ್ನು ಎತ್ತಬೇಕಿಲ್ಲ, ಏಣಿಯ ದೊಡ್ಡ ಲಾಭವೇ ಅದು. ವಿಂಚ್‌ಗೆ (ಹಗ್ಗ ಸುತ್ತಿ ಎಳೆಯುವ ಉರುಳೆಗೆ) ಮೂರ್ನಾಲ್ಕು ಸುತ್ತು ಹಾಕಿ, ನೀವು ಹತ್ತಿದಂತೆಲ್ಲ ಸಡಿಲವಾದ ಹಗ್ಗವನ್ನು ಎಳೆದುಕೊಳ್ಳುತ್ತಾ ಇರಬೇಕು ಅಷ್ಟೇ. ಅವರ ಫೋನ್ ಜೇಬಿನಲ್ಲೇ ಇರಲಿ. ಎಲೆಕ್ಟ್ರಿಕ್ ವಿಂಚ್ ಇದ್ದರೆ ಅದರ ಮೇನ್ ಸ್ವಿಚ್ಚನ್ನೇ ಆಫ್ ಮಾಡಿ: ಬಟನ್ ಅಂಟಿಕೊಂಡರೆ ಅದು ನಿಲ್ಲುವುದಿಲ್ಲ, ನಿಮ್ಮನ್ನು ರಾಟೆಗೇ ಎಳೆದುಬಿಡುತ್ತದೆ. ಅವರು ನಿಮ್ಮ ನೇರ ಕೆಳಗೂ ನಿಲ್ಲಬಾರದು. ಸ್ಪ್ಯಾನರ್‌ಗೆ ದಾರ ಕಟ್ಟಿದ್ದರೂ ನಟ್ಟು, ಬೋಲ್ಟು ಕೈಜಾರುತ್ತವೆ.

ಪಕ್ಕದಲ್ಲಿ ಮೋಟಾರ್ ಬೋಟ್ ಹಾದರೆ ಡೆಕ್ ಸ್ವಲ್ಪ ತೂಗುತ್ತದೆ, ತುದಿಯಲ್ಲಿ ಅದೇ ಮೀಟರ್‌ಗಟ್ಟಲೆ. ಆಗ ಕೆಲಸ ಬಿಟ್ಟು ಮಾಸ್ಟ್ ತಬ್ಬಿಕೊಳ್ಳಿ.

ಒಬ್ಬರೇ ಇದ್ದರೂ ದಾರಿ ಇದೆ. ಎರಡನೇ ಹಗ್ಗವನ್ನು ಡೆಕ್‌ಗೆ ಬಿಗಿದು, ಹಾರ್ನೆಸ್‌ಗೆ ಕಟ್ಟಿದ ಪ್ರುಸಿಕ್ ಗಂಟನ್ನು (ಕೈಯಿಂದ ತಳ್ಳಿದರೆ ಸರಿಯುವ, ಭಾರ ಬಿದ್ದರೆ ಬಿಗಿಯುವ ಗಂಟು) ಅದರ ಮೇಲೆ ತಳ್ಳುತ್ತಾ ಹತ್ತಬಹುದು. ಆದರೆ ಮೇಲೆ ಪ್ರಜ್ಞೆ ತಪ್ಪಿ ನೇತಾಡಿದರೆ ಇಳಿಸುವವರು ಯಾರೂ ಇರುವುದಿಲ್ಲ, ಹಾರ್ನೆಸ್‌ನಲ್ಲಿ ಹಾಗೆ ತೂಗಾಡುವುದು ಕೆಲವೇ ನಿಮಿಷಗಳಲ್ಲಿ ಅಪಾಯ. ಅದಕ್ಕೇ ಜೊತೆಗೆ ಯಾರೂ ಇಲ್ಲದಿದ್ದರೆ ನಾನು ಏಣಿಯನ್ನು ಚೀಲದಿಂದ ಹೊರಗೆ ತೆಗೆಯುವುದೇ ಇಲ್ಲ.