ಒಂಬತ್ತನೇ ಹಾಸಿಗೆಯ ಅಜ್ಜಿ ಮತ್ತು 98ರ ಅಂಕಿ

ಚಿಕ್ಕಬಳ್ಳಾಪುರ
9 ಜನವರಿ 2025, ಗುರುವಾರ

ರಾತ್ರಿ ಪಾಳಿ ಮುಗಿಸಿ ಮನೆ ಸೇರಿದಾಗ ಒಂಬತ್ತೂವರೆಯಾಗಿತ್ತು. ನಂದಿ ಬೆಟ್ಟದ ಕಡೆಯ ಮಂಜು ಆಗಲೂ ಪೂರ್ತಿ ಕರಗಿರಲಿಲ್ಲ. ಮಲಗಿದರೂ ನಿದ್ದೆ ಹತ್ತಲಿಲ್ಲವಾದ್ದರಿಂದ, ಒಂಬತ್ತನೇ ಹಾಸಿಗೆಯಲ್ಲಿ ನಡೆದದ್ದನ್ನು ಮರೆಯುವ ಮುನ್ನ ಬರೆದಿಡಲು ಕುಳಿತಿದ್ದೇನೆ. ನಡೆದ ತಪ್ಪಿನಲ್ಲಿ ನನ್ನ ಪಾಲೂ ಇದೆ.

ಅವರೆಕಾಯಿಯ ಸೊಗಡು ಏರುವ ಈ ದಿನಗಳಲ್ಲಿ ನಮ್ಮ ವಾರ್ಡು ಉಸಿರಾಟದ ತೊಂದರೆಯವರಿಂದಲೇ ತುಂಬುತ್ತದೆ. ನಿನ್ನೆ ರಾತ್ರಿ ಇದ್ದ 22 ರೋಗಿಗಳಲ್ಲಿ 13 ಮಂದಿ ಅಂಥವರೇ. ಅವರಲ್ಲಿ ಒಬ್ಬರು ಶಿಡ್ಲಘಟ್ಟದ ಕಡೆಯ ಹಳ್ಳಿಯಿಂದ ಸಂಜೆ ದಾಖಲಾದ 68 ವರ್ಷದ ಅಜ್ಜಿ. ಬೀಡಿ, ಸಿಗರೇಟು ಮುಟ್ಟಿದವರಲ್ಲ. ಹನ್ನೆರಡನೇ ವಯಸ್ಸಿನಿಂದ ಸೌದೆ ಒಲೆಯ ಮುಂದೆ ಕುಳಿತವರು. ನಡುವೆ ಇಪ್ಪತ್ತು ವರ್ಷ ರೇಷ್ಮೆ ಬಿಚ್ಚಾಣಿಕೆ ಘಟಕವೊಂದರಲ್ಲಿ ಗೂಡು ಬೇಯುವ ಬಿಸಿನೀರಿನ ಆವಿ ಮತ್ತು ಹೊಗೆಯ ನಡುವೆ ನೂಲು ತೆಗೆದವರು. ಅಡುಗೆಗೆ ಗ್ಯಾಸ್ ಬಂದು ಎಷ್ಟೋ ವರ್ಷಗಳಾದರೂ ಬಚ್ಚಲ ಹಂಡೆಗೆ ಇಂದಿಗೂ ನೀಲಗಿರಿ ಪುಳ್ಳೆ ಮತ್ತು ಹಿಪ್ಪುನೇರಳೆ ಕಡ್ಡಿಯೇ ಉರುವಲು. ಮನೆಯವರು ಇದನ್ನು ಗೂರಲು ಎನ್ನುತ್ತಾರೆ, ಕೇಸ್‌ಶೀಟಿನಲ್ಲಿ ಸಿಒಪಿಡಿ (ಶ್ವಾಸನಾಳ ಕಿರಿದಾಗಿ ಉಸಿರು ಕಟ್ಟುವ ದೀರ್ಘಕಾಲದ ಶ್ವಾಸಕೋಶದ ಕಾಯಿಲೆ) ಎಂದಿದೆ. ಹೊಗೆ ಸೇದದ ಹೆಂಗಸರಿಗೂ ಈ ಕಾಯಿಲೆ ಬರುತ್ತದೆಂದರೆ ಜನ ಇನ್ನೂ ನಂಬುವುದಿಲ್ಲ. ಆ ಹೊಗೆಯನ್ನು ಅವರು ಸೇದದಿದ್ದರೂ ಕುಡಿದಿದ್ದಾರೆ ಎಂದು ಎಷ್ಟು ಸಲ ಹೇಳಿದ್ದೇನೋ ಲೆಕ್ಕವಿಲ್ಲ.

ಎಂಟು ಗಂಟೆಗೆ ನಾನು ಪಾಳಿ ವಹಿಸಿಕೊಂಡಾಗ ಅಜ್ಜಿ ಮಂಚದ ಅಂಚಿನಲ್ಲಿ ಕುಳಿತು, ಎರಡೂ ಅಂಗೈಗಳನ್ನು ಮೊಣಕಾಲಿನ ಮೇಲೆ ಊರಿ, ಭುಜಗಳನ್ನು ಮೇಲೆತ್ತಿ ಉಸಿರೆಳೆಯುತ್ತಿದ್ದರು. ಬೆನ್ನಿಗೆ ದಿಂಬು ಕೊಟ್ಟು ಮಲಗಿಸಲು ಸೊಸೆ ಒತ್ತಾಯಿಸುತ್ತಿದ್ದಳು. ನಾನು ಬೇಡವೆಂದು, ಊಟದ ಮೇಜನ್ನು ಎಳೆದು ಅದರ ಮೇಲೆ ಎರಡು ದಿಂಬು ಪೇರಿಸಿ, ತೋಳುಗಳನ್ನು ಅದಕ್ಕೆ ಆನಿಸಿ ಮುಂದಕ್ಕೆ ಬಾಗಿ ಕೂರುವಂತೆ ಮಾಡಿದೆ. ಹಾಗೆ ತೋಳಿಗೆ ಆಸರೆ ಸಿಕ್ಕಾಗ ಕತ್ತು ಮತ್ತು ಭುಜದ ಸ್ನಾಯುಗಳು ಎದೆಯನ್ನು ಮೇಲೆತ್ತಲು ನೆರವಾಗುತ್ತವೆ. ಮಲಗಿಸಿದರೆ ಆ ನೆರವು ತಪ್ಪುವುದಲ್ಲದೆ ಹೊಟ್ಟೆಯು ಎದೆಗೂಡಿನ ತಳದಲ್ಲಿರುವ ವಪೆಯನ್ನು ಮೇಲಕ್ಕೆ ಒತ್ತುತ್ತದೆ.

ನಾಡಿ ಹಿಡಿದವಳಂತೆ ಮಣಿಕಟ್ಟಿನ ಮೇಲೆ ಬೆರಳಿಟ್ಟುಕೊಂಡು ಪೂರ್ತಿ ಒಂದು ನಿಮಿಷ ಉಸಿರು ಎಣಿಸಿದೆ: 32. ಉಸಿರು ಎಣಿಸುತ್ತಿದ್ದಾರೆಂದು ಗೊತ್ತಾದರೆ ಯಾರ ಉಸಿರೂ ತನ್ನ ಪಾಡಿಗೆ ತಾನಿರುವುದಿಲ್ಲವಾದ್ದರಿಂದ ಈ ಸಣ್ಣ ಮೋಸ ಬೇಕಾಗುತ್ತದೆ. (ಎಣಿಸುವ ಗೋಜಿಗೇ ಹೋಗದೆ ಎಲ್ಲ ರೋಗಿಗಳ ಉಸಿರಾಟದ ಕಾಲಮ್ಮಿನಲ್ಲೂ 20 ಎಂದು ಬರೆಯುವ ಚಾಳಿಯನ್ನು ನಾನು ಕೆಲಸ ಮಾಡಿದ ಎಲ್ಲ ಕಡೆಯೂ ಕಂಡಿದ್ದೇನೆ. ಸತ್ಯ ಹೇಳಬೇಕೆಂದರೆ, ಮೊದಲ ಎರಡು ವರ್ಷ ನಾನೂ ಬರೆದಿದ್ದೇನೆ.) ಅಜ್ಜಿಗೆ ಒಂದು ಉಸಿರಿನಲ್ಲಿ ಮೂರು ಪದಕ್ಕಿಂತ ಹೆಚ್ಚು ಆಡಲು ಆಗುತ್ತಿರಲಿಲ್ಲ. ತಣ್ಣಗಿದ್ದ ಬೆರಳುಗಳನ್ನು ಉಜ್ಜಿ ಬೆಚ್ಚಗೆ ಮಾಡಿ ಆಕ್ಸಿಮೀಟರ್ ಸಿಕ್ಕಿಸಿದರೆ 84 ತೋರಿಸಿತು.

ಡಾಕ್ಟರು ಬರೆದಿದ್ದ ಆದೇಶ ಸ್ಪಷ್ಟವಾಗಿತ್ತು: ಆಮ್ಲಜನಕದ ಮಟ್ಟ 88ರಿಂದ 92ರ ನಡುವೆ ಇರಬೇಕು, ಅದಕ್ಕಿಂತ ಮೇಲೆ ಹೋಗಬಾರದು. ಆಮ್ಲಜನಕವನ್ನು ನಿಗದಿತ ಪ್ರಮಾಣದಲ್ಲಷ್ಟೇ ಕೊಡುವ ವೆಂಚುರಿ ಮಾಸ್ಕ್ ವಾರ್ಡಿನಲ್ಲಿ ಮುಗಿದಿದ್ದರಿಂದ ಮೂಗಿನ ನಳಿಕೆಯಲ್ಲಿ ನಿಮಿಷಕ್ಕೆ ಒಂದೂವರೆ ಲೀಟರಿನಂತೆ ಕೊಟ್ಟೆವು. ಸಾಲ್‌ಬ್ಯುಟಮಾಲ್ ಮತ್ತು ಇಪ್ರಾಟ್ರೋಪಿಯಂ ಎಂಬ ಶ್ವಾಸನಾಳ ಹಿಗ್ಗಿಸುವ ಔಷಧಿಗಳನ್ನು ಮಂಜಿನಂತೆ ಉಸಿರಾಡಿಸುವ ನೆಬುಲೈಸೇಶನ್ನನ್ನು ಆಮ್ಲಜನಕದ ಪೈಪಿಗೆ ಜೋಡಿಸದೆ ಗಾಳಿಯ ಯಂತ್ರದಲ್ಲೇ ಕೊಟ್ಟು, ನಳಿಕೆಯನ್ನು ಹಾಗೆಯೇ ಉಳಿಸಿದೆ. ಸ್ಟೀರಾಯ್ಡ್ ಇಂಜೆಕ್ಷನ್ ಸಂಜೆಯೇ ಆಗಿತ್ತು. ಹನ್ನೊಂದರ ಹೊತ್ತಿಗೆ ಮಟ್ಟ 90ಕ್ಕೆ ಬಂದು, ಉಸಿರು 26ಕ್ಕೆ ಇಳಿದು, ಅಜ್ಜಿ ನನ್ನ ಊರು ಯಾವುದೆಂದು ಕೇಳುವಷ್ಟು ಚೇತರಿಸಿಕೊಂಡರು. ಮೂಗು ಒಣಗಿ ಉರಿಯುತ್ತಿದೆಯೆಂದು ಸೊಸೆ ಕೊಬ್ಬರಿ ಎಣ್ಣೆಯ ಬಾಟಲಿ ತೆಗೆದಳು. ಆಮ್ಲಜನಕ ಹರಿಯುವಲ್ಲಿ ಎಣ್ಣೆ ಜಿಡ್ಡು ಬೆಂಕಿಗೆ ದಾರಿ ಎಂದು ತಡೆದು, ನೀರಿನಂಶದ ಜೆಲ್ಲಿ ಸವರಿ, ನಳಿಕೆ ಒತ್ತುತ್ತಿದ್ದ ಕಿವಿಯ ಹಿಂಬದಿಗೆ ಹತ್ತಿ ಇಟ್ಟೆ.

ಇಷ್ಟೆಲ್ಲ ಮಾಡಿದ ನಾನು ಮಾಡದೆ ಬಿಟ್ಟದ್ದು ಒಂದೇ. ಹೊರಗೆ ಬೆಂಚಿನ ಮೇಲಿದ್ದ ಮಗನನ್ನು ಕರೆದು 92ರ ಮಾತನ್ನು ತಿಳಿಸಲಿಲ್ಲ.

ಒಂದು ಗಂಟೆ ಹತ್ತು ನಿಮಿಷಕ್ಕೆ ನಾನು ಅಜ್ಜಿಯನ್ನು ನೋಡಿ ಹೋದೆ. ಆಮೇಲೆ ಹದಿನೇಳನೇ ಹಾಸಿಗೆಯವರ ಎದೆಗೆ ಹಾಕಿದ್ದ ಕೊಳವೆಯ ಬಾಟಲಿಯನ್ನು ಯಾರೋ ನೆಲದಿಂದ ಎತ್ತಿ ಮಂಚದ ಮೇಲಿಟ್ಟಿದ್ದರೆಂದು ಅಲ್ಲಿಗೆ ಓಡಿದೆ. ಬಾಟಲಿ ಎದೆಯ ಮಟ್ಟಕ್ಕಿಂತ ಕೆಳಗಿಲ್ಲದಿದ್ದರೆ ಅದರ ನೀರು ಮರಳಿ ಎದೆಗೂಡಿಗೆ ಹರಿಯಬಹುದು. ಅದನ್ನು ಸರಿಪಡಿಸಿ, ಉಸಿರಿನೊಂದಿಗೆ ಕೊಳವೆಯ ನೀರು ಏರಿಳಿಯುತ್ತಿದೆಯೇ ಎಂದು ನೋಡಿ, ಇನ್ನೊಬ್ಬರ ಡ್ರಿಪ್ ಬದಲಿಸಿ ಹಿಂತಿರುಗುವಾಗ ಎರಡು ಗಂಟೆ ಐದು ನಿಮಿಷ.

ಮಗ ಎದ್ದು ನಿಂತು, ಮುಖದಲ್ಲಿ ನೆಮ್ಮದಿ ತುಂಬಿಕೊಂಡು, "ಸಿಸ್ಟರ್, ಈಗ ತೊಂಬತ್ತೆಂಟಿದೆ. ಅಮ್ಮ ಆರಾಮಾಗಿ ನಿದ್ದೆ ಮಾಡ್ತಾವ್ರೆ" ಎಂದ.

ಗೋಡೆಯ ಫ್ಲೋಮೀಟರ್‌ನಲ್ಲಿ ಆಮ್ಲಜನಕದ ಹರಿವು ತೋರಿಸುವ ಗುಂಡು ಆರು ಲೀಟರಿನ ಗೆರೆಯ ಮೇಲೆ ತೇಲುತ್ತಿತ್ತು. ಅಜ್ಜಿ ದಿಂಬಿಗೆ ಒರಗಿ, ಬಾಯಿ ತೆರೆದು ಗೊರಕೆ ಹೊಡೆಯುತ್ತಿದ್ದರು. ಕೆನ್ನೆ ಕೆಂಪಾಗಿತ್ತು, ಸಂಜೆ ತಣ್ಣಗಿದ್ದ ಕೈ ಈಗ ಬೆಚ್ಚಗಿದ್ದು ನಾಡಿ ಬೆರಳಿಗೆ ಗುದ್ದುವಂತೆ ಬಡಿಯುತ್ತಿತ್ತು. ಉಸಿರು 12. ಭುಜ ಅಲುಗಾಡಿಸಿ ಗಟ್ಟಿಯಾಗಿ ಕರೆದ ಮೇಲೆ ಕಣ್ಣು ತೆರೆದು, ತಲೆನೋವು ಎಂದು ಗೊಣಗಿ ಮತ್ತೆ ಮುಚ್ಚಿದರು. ಎರಡೂ ತೋಳು ಚಾಚಿಸಿ, ಅಂಗೈಗಳನ್ನು ಹಿಂದಕ್ಕೆ ಮಡಚಿ ಹಿಡಿಯಿರಿ ಎಂದೆ. ಕೈಗಳು ನಿಲ್ಲದೆ ಬಿದ್ದು ಬಿದ್ದು ಏಳತೊಡಗಿದವು. ಶರೀರದಲ್ಲಿ ಇಂಗಾಲದ ಡೈಆಕ್ಸೈಡ್ ಏರಿದವರ ಕೈ ಹೀಗೆ ಪಟಪಟಿಸುತ್ತದೆ. ಬೆರಳಿಗೆ ಸಿಕ್ಕಿಸುವ ಯಂತ್ರಕ್ಕೆ ಇದು ಯಾವುದೂ ಕಾಣುವುದಿಲ್ಲ. ಅದು ಆಮ್ಲಜನಕವನ್ನಷ್ಟೇ ಅಳೆದು 98 ಎನ್ನುತ್ತದೆ.

ನಾನು ಓದುವಾಗ ಇದಕ್ಕೆ ಒಂದೇ ಕಾರಣ ಹೇಳಿಕೊಟ್ಟಿದ್ದರು: ಇಂಥ ರೋಗಿಗಳ ಮಿದುಳು ಆಮ್ಲಜನಕದ ಕೊರತೆಯನ್ನೇ ನೆಚ್ಚಿ ಉಸಿರಾಡುತ್ತದೆ, ಕೊರತೆ ನೀಗಿದರೆ ಉಸಿರಾಟ ಮಂದವಾಗುತ್ತದೆ ಎಂದು. ಅದು ಕಾರಣದ ಒಂದು ಭಾಗ ಮಾತ್ರ. ಹಾಳಾದ ಶ್ವಾಸಕೋಶವು ಗಾಳಿ ಸರಿಯಾಗಿ ತಲುಪದ ಭಾಗಗಳ ರಕ್ತನಾಳಗಳನ್ನು ಬಿಗಿದು, ರಕ್ತವನ್ನು ಒಳ್ಳೆಯ ಭಾಗಗಳಿಗೆ ತಿರುಗಿಸಿಕೊಂಡಿರುತ್ತದೆ. ಆಮ್ಲಜನಕ ಅತಿಯಾದರೆ ಆ ಬಿಗಿ ಸಡಿಲಗೊಂಡು, ಕೆಟ್ಟ ಭಾಗಕ್ಕೆ ಹರಿದ ರಕ್ತ ತನ್ನ ಇಂಗಾಲದ ಡೈಆಕ್ಸೈಡನ್ನು ಹೊರಹಾಕದೆಯೇ ಮರಳುತ್ತದೆ. ಅದರ ಜೊತೆಗೆ, ಆಮ್ಲಜನಕದಿಂದ ತುಂಬಿದ ಹಿಮೋಗ್ಲೋಬಿನ್ನು ಇಂಗಾಲದ ಡೈಆಕ್ಸೈಡನ್ನು ಮೊದಲಿನಷ್ಟು ಹೊರುವುದಿಲ್ಲ. 2010ರಲ್ಲಿ ಪ್ರಕಟವಾದ ಟಾಸ್ಮೇನಿಯಾದ ಅಧ್ಯಯನವೊಂದರಲ್ಲಿ, ಆಂಬುಲೆನ್ಸಿನಲ್ಲಿ ಧಾರಾಳವಾಗಿ ಆಮ್ಲಜನಕ ಪಡೆದ ಸಿಒಪಿಡಿ ರೋಗಿಗಳಲ್ಲಿ ಶೇ 9ರಷ್ಟು ಮಂದಿ ತೀರಿಕೊಂಡರೆ, 88ರಿಂದ 92ರ ಮಿತಿಯಲ್ಲಿ ಅಳೆದು ಕೊಟ್ಟವರಲ್ಲಿ ಆ ಪ್ರಮಾಣ ಶೇ 2 ಮಾತ್ರವಿತ್ತು.

ಆಮ್ಲಜನಕವನ್ನು ಒಮ್ಮೆಲೇ ನಿಲ್ಲಿಸುವುದೂ ಅಪಾಯವೇ, ಮಟ್ಟ ಮೊದಲಿಗಿಂತ ಕೆಳಕ್ಕೆ ಕುಸಿದುಬಿಡಬಹುದು. ಆದ್ದರಿಂದ ಕರೆ ಮಾಡಿ ಡಾಕ್ಟರನ್ನು ಎಬ್ಬಿಸಿ, ತುರ್ತು ವಿಭಾಗದಿಂದ ವೆಂಚುರಿ ಮಾಸ್ಕ್ ತರಿಸಿ, ಬಿಳಿ ಬಣ್ಣದ ಶೇ 28ರ ಕವಾಟ ಹಾಕಿ 4 ಲೀಟರಿಗೆ ಇಟ್ಟೆವು. ಅದರಲ್ಲಿ ಯಾರಾದರೂ ತಿರುಪನ್ನು ಜಾಸ್ತಿ ತಿರುಗಿಸಿದರೂ ಹೊರಗಿನ ಗಾಳಿಯೂ ಅಷ್ಟೇ ಸೇರಿಕೊಳ್ಳುವುದರಿಂದ ಆಮ್ಲಜನಕದ ಪ್ರಮಾಣ ಬಹುಮಟ್ಟಿಗೆ ಬದಲಾಗುವುದಿಲ್ಲ. ಅದು ಸಂಜೆಯೇ ವಾರ್ಡಿನಲ್ಲಿದ್ದಿದ್ದರೆ ನಾನು ಇದನ್ನು ಬರೆಯುತ್ತಿರಲಿಲ್ಲ.

ಮಣಿಕಟ್ಟಿನ ರಕ್ತದ ಪರೀಕ್ಷೆಯಲ್ಲಿ ಪಿಎಚ್ 7.26, ಇಂಗಾಲದ ಡೈಆಕ್ಸೈಡ್ 74 ಬಂತು; ಎಂದರೆ ಇಂಗಾಲದ ಡೈಆಕ್ಸೈಡ್ ಏರಿ ರಕ್ತ ಆಮ್ಲೀಯವಾಗಿತ್ತು. ಮಾಸ್ಕಿನ ಮೂಲಕ ಗಾಳಿ ಊದಿ ಉಸಿರಾಟಕ್ಕೆ ನೆರವಾಗುವ ಬೈಪ್ಯಾಪ್ ಯಂತ್ರ ಹಾಕಲು ಡಾಕ್ಟರು ಹೇಳಿದರು. ಈ ಯಂತ್ರದ ಮಾಸ್ಕನ್ನು ತಂದ ಕೂಡಲೇ ಪಟ್ಟಿ ಬಿಗಿದರೆ ರೋಗಿ ಹೆದರಿ ಕಿತ್ತೆಸೆಯುತ್ತಾರೆ. ಮೂಗಿನ ದಿಬ್ಬಕ್ಕೆ ಗಾಯವಾಗದಂತೆ ಮೆತ್ತನೆಯ ಡ್ರೆಸ್ಸಿಂಗ್ ಅಂಟಿಸಿ, ಮಾಸ್ಕನ್ನು ನನ್ನ ಕೈಯಲ್ಲೇ ಮುಖಕ್ಕೆ ಹಿಡಿದು, ಇನ್ನೊಂದು ಕೈಯಲ್ಲಿ ಅಜ್ಜಿಯ ಕೈ ಹಿಡಿದು, "ಅದು ಊದಿದಾಗ ಒಳಗೆ ತಗೊಳ್ಳಿ ಅಜ್ಜಿ, ಎದುರಿಸಬೇಡಿ" ಎಂದು ಹೇಳುತ್ತಾ ಹತ್ತು ನಿಮಿಷ ನಿಂತೆ. ಮೊದಲು ತಲೆ ಅತ್ತಿತ್ತ ಹೊರಳಿಸಿದವರು ನಿಧಾನಕ್ಕೆ ಯಂತ್ರದ ಲಯಕ್ಕೆ ಹೊಂದಿಕೊಂಡರು. ಆಮೇಲೆ ಪಟ್ಟಿ ಕಟ್ಟಿದೆ, ಒಂದು ಬೆರಳು ಸೇರುವಷ್ಟು ಸಡಿಲವಾಗಿ. ಅಲ್ಲಿಂದ ಬೆಳಗಿನವರೆಗೆ ಹದಿನೈದು ನಿಮಿಷಕ್ಕೊಮ್ಮೆ ಕರೆದು ಎಬ್ಬಿಸುವುದು, ಉಸಿರು ಎಣಿಸುವುದು, ಕಣ್ಣಿನ ಕಡೆಗೆ ಗಾಳಿ ಸೋರುತ್ತಿದೆಯೇ ಎಂದು ನೋಡುವುದು, ವಾಂತಿಯ ಲಕ್ಷಣವಿದೆಯೇ ಎಂದು ಗಮನಿಸುವುದು. ಐದು ಗಂಟೆಯ ಪರೀಕ್ಷೆಯಲ್ಲಿ ಪಿಎಚ್ 7.34ಕ್ಕೆ ಏರಿ, ಇಂಗಾಲದ ಡೈಆಕ್ಸೈಡ್ 60ಕ್ಕೆ ಇಳಿದಿತ್ತು.

ತಿರುಪನ್ನು ತಿರುಗಿಸಿ ಆಮ್ಲಜನಕ ಹೆಚ್ಚಿಸಿದ್ದ ಮಗನ ಮೇಲೆ ಆ ಹೊತ್ತಿನಲ್ಲಿ ನಾನು ರೇಗಿದೆ. ಅದು ಸರಿಯಲ್ಲವೆಂದು ಆಮೇಲೆ ಅನ್ನಿಸಿತು. ಆತ ತಲೆ ತಗ್ಗಿಸಿ, "ಕೊರೋನಾದಲ್ಲಿ ತೊಂಬತ್ನಾಲ್ಕರ ಕೆಳಗೆ ಹೋದ್ರೆ ಡೇಂಜರ್ ಅಂತ ನೀವೇ ಎಲ್ಲ ಕಡೆ ಹೇಳಿದ್ರಲ್ಲ ಸಿಸ್ಟರ್" ಎಂದ. ಹೌದು, ಹೇಳಿದ್ದೆವು. 2021ರ ಮೇ ತಿಂಗಳಲ್ಲಿ ಆಸ್ಪತ್ರೆಯಲ್ಲಿ ಆಮ್ಲಜನಕವಿಲ್ಲದೆ ರೋಗಿಗಳು ಸತ್ತ ಚಾಮರಾಜನಗರದ ಸುದ್ದಿ ಕೇಳಿದ, ಸಿಲಿಂಡರಿಗಾಗಿ ರಾತ್ರಿಯಿಡೀ ಅಲೆದ ಜನಕ್ಕೆ, ಗೋಡೆಯಲ್ಲಿ ಬೇಕಾದಷ್ಟು ಆಮ್ಲಜನಕ ಇದ್ದೂ ನರ್ಸು ಅದನ್ನು ಒಂದೂವರೆ ಲೀಟರಿಗೆ ಹಿಡಿದಿಟ್ಟಿದ್ದಾಳೆಂದರೆ ಹೇಗೆ ಕಾಣಬೇಕು? ಜಿಪುಣತನವೋ ಉದಾಸೀನವೋ ಎಂದು ಆತ ಅಂದುಕೊಂಡಿದ್ದರೆ ಅದು ಸಹಜ. ಬೆಳಗಿನ ಜಾವ ಆತನಿಗೆ ಚಹಾ ತರಿಸಿ ಕೊಟ್ಟು, ತಿರುಪಿನ ಪಕ್ಕದ ಗೋಡೆಗೆ ಪ್ಲಾಸ್ಟರ್ ಅಂಟಿಸಿ ಅದರ ಮೇಲೆ ಪೆನ್ನಿನಲ್ಲಿ 88–92 ಎಂದು ದೊಡ್ಡದಾಗಿ ಬರೆದು, ಇದು ಏಕೆಂದು ಕಾಲು ಗಂಟೆ ಕುಳಿತು ವಿವರಿಸಿದೆ. ಎಂಟು ಗಂಟೆಗೆ ಮಾಡಬೇಕಿದ್ದ ಕೆಲಸ.

ಏಳು ಗಂಟೆಗೆ ಸ್ವಲ್ಪ ಹೊತ್ತು ಮಾಸ್ಕ್ ತೆಗೆದು, ಬಾಯಿ ಒರೆಸಿ, ಚಮಚದಲ್ಲಿ ನೀರು ಕೊಟ್ಟೆ. ಅಜ್ಜಿಗೆ ರಾತ್ರಿಯ ನೆನಪೇ ಇರಲಿಲ್ಲ. ಮೂಗಿನಿಂದ ಎಳೆದುಕೊಂಡು ತುಟಿ ಕಿರಿದು ಮಾಡಿ ನಿಧಾನವಾಗಿ ಹೊರಬಿಡುವುದನ್ನು ತೋರಿಸಿದಾಗ, "ಒಲೆ ಊದ್ದಂಗಾ?" ಎಂದು ಕೇಳಿದರು. ಅಷ್ಟು ಜೋರಾಗಿ ಬೇಡ, ಎದುರಿಗೆ ದೀಪವಿದೆ ಅಂದುಕೊಳ್ಳಿ, ಅದು ಅಲುಗಬೇಕು, ಆರಬಾರದು ಎಂದೆ. ಹೀಗೆ ಬಿಟ್ಟಾಗ ಒಳಗಿನ ಸಣ್ಣ ಶ್ವಾಸನಾಳಗಳು ಬೇಗ ಮುಚ್ಚಿಕೊಳ್ಳದೆ, ಸಿಕ್ಕಿಕೊಂಡ ಗಾಳಿ ಹೊರಬರುತ್ತದೆ. ನಾಲ್ಕನೇ ಸಲಕ್ಕೆ ಸರಿಯಾಗಿ ಬಂತು. ಮನೆಯಲ್ಲಿ ಇನ್‌ಹೇಲರ್ ಇದೆಯೇ ಎಂದರೆ, ಸೊಸೆ ಚೀಲದಿಂದ ಪುಡಿಯ ಕ್ಯಾಪ್ಸೂಲುಗಳ ಡಬ್ಬಿ ತೆಗೆದು, "ದಿನಾ ಎರಡು ನೀರಲ್ಲಿ ನುಂಗಿಸ್ತಾ ಇದ್ವಿ" ಎಂದಳು. ಯಂತ್ರದಲ್ಲಿ ಹಾಕಿ ಎಳೆದುಕೊಳ್ಳಬೇಕಾದ ಔಷಧಿ ಎಂಟು ತಿಂಗಳಿಂದ ಹೊಟ್ಟೆಗೆ ಹೋಗುತ್ತಿತ್ತು. ನನಗೆ ಇದು ಮೂರನೆಯ ಪ್ರಕರಣ. ಹಗಲು ಪಾಳಿಯವರಿಗೆ ಸ್ಪೇಸರ್ (ಔಷಧಿಯನ್ನು ಸರಿಯಾಗಿ ಎಳೆದುಕೊಳ್ಳಲು ಜೋಡಿಸುವ ಕೊಳವೆ) ಕೊಟ್ಟು ಕಲಿಸಲು, ಬಳಸಿದ ಮೇಲೆ ಬಾಯಿ ಮುಕ್ಕಳಿಸಿ ಉಗುಳಿಸಲು ಬರೆದಿಟ್ಟು ಬಂದೆ. ಹಂಡೆ ಒಲೆಯ ಮಾತು ಇನ್ನೂ ಎತ್ತಿಲ್ಲ.

ಹೊರಡುವ ಮುನ್ನ ಘಟನೆಯ ವರದಿ ತುಂಬಿದೆ. ಪ್ರಮಾಣ ಬದಲಾದ ಸಮಯ ಎಂಬಲ್ಲಿ 1:10 ಮತ್ತು 2:05ರ ನಡುವೆ ಎಂದೂ, ಬದಲಿಸಿದವರು ಎಂಬಲ್ಲಿ ರೋಗಿಯ ಬಂಧು ಎಂದೂ ಬರೆದೆ. ಬಂಧುವಿಗೆ ಮುಂಚಿತವಾಗಿ ತಿಳಿಸಲಾಗಿತ್ತೇ ಎಂಬ ಸಾಲಿನಲ್ಲಿ 'ಇಲ್ಲ' ಎಂದು ಬರೆದು ನನ್ನ ಸಹಿ ಹಾಕಿದೆ.