ಆರು ಫ್ರೇಮು

ನಾವಿಬ್ಬರೂ ಸೇರಿ ಎಡಿಟ್ ಮಾಡುತ್ತಿರುವ ವಿಡಿಯೋ ಬಗ್ಗೆ ರಾತ್ರಿ ಹನ್ನೊಂದೂವರೆಗೆ ತುಮಕೂರಿನಿಂದ ಗೆಳೆಯನ ಮೆಸೇಜು, "ಮಗಾ, ಅಜ್ಜಿ ಶಾಟಲ್ಲಿ ಆರು ಫ್ರೇಮ್ ಕಟ್ ಮಾಡ್ದೆ."

ಸೆಕೆಂಡಿಗೆ 24 ಫ್ರೇಮು (ಬಿಡಿ ಚಿತ್ರ), ಆರು ಅಂದ್ರೆ ಕಾಲು ಸೆಕೆಂಡು, ಹೋಗಲಿ ಬಿಡು ಅಂತ ಮಲಗಿದೆ.

ಕೋಲಾರದ ನಮ್ಮನೆ ನೆಟ್‌ನಲ್ಲಿ ಭಾರೀ ಗಾತ್ರದ 4ಕೆ ವಿಡಿಯೋ ಫೈಲು ಹೋಗುವುದಿಲ್ಲ, ಹಾರ್ಡ್ ಡಿಸ್ಕನ್ನೇ ಬಸ್ಸಲ್ಲಿ ಕಳಿಸಿದ್ದಾಯಿತು, ಈಗ ಓಡಾಡುವುದು ಬರೀ ಎಲ್ಲೆಲ್ಲಿ ಕಟ್ ಅಂತ ಗುರುತಿಟ್ಟ ಪುಟ್ಟ ಪ್ರಾಜೆಕ್ಟ್ ಫೈಲು.

ಬೆಳಿಗ್ಗೆ ತೆರೆದು ನೋಡಿದೆ. ಅಂತರಗಂಗೆಯಲ್ಲಿ ಕಲ್ಲು ಬಸವನ ಬಾಯಿಂದ ಬೀಳುವ ನೀರಿಗೆ ಬಿಂದಿಗೆ ಹಿಡಿದ ಅಜ್ಜಿ, ತಿರುಗುವ ಮುಂಚೆ ಒಮ್ಮೆ ಕಣ್ಣು ಮಿಟುಕಿಸುತ್ತಿದ್ದಳು. ಅದೇ ಮಾಯ! ಈಗ ಬಸ್ಸಿಗೆ ಹೊತ್ತಾದವಳ ಥರ ಕಾಣುತ್ತಾಳೆ.

ಪಕ್ಕದಲ್ಲಿ ಕೂತಿದ್ದರೆ ತಲೆಗೊಂದು ಮೊಟಕಿ ವಾಪಸ್ ಹಾಕಿಸುತ್ತಿದ್ದೆ. ದೂರದಿಂದ "ಚೆನ್ನಾಗಿದೆ, ಆದ್ರೆ" ಅಂತ ಟೈಪ್ ಮಾಡಬೇಕು, ಅಲ್ವಾ? ಮೂರು ಸಲ ಅಳಿಸಿದೆ. ಕೊನೆಗೆ ಫೋನೇ ಮಾಡಿದೆ.

"ಅಯ್ಯೋ, ಅಜ್ಜಿ ತೂಕಡಿಸ್ತಿದ್ದಾಳೆ ಅಂದ್ಕೊಂಡೆ ಕಣೋ" ಅಂದ.